ಹಿತ್ತಿಲ ಮಡಿಗೆ ಹೇಳಿದ್ದು

ಎರಡು ಬೆಳೆಯ ಕಾಲ ಬರಿದಾಗಿ ಬಿದ್ದ ಮಡಿಯ ಮಣ್ಣನ್ನು ನಮ್ಮೂರಿನಲ್ಲಿ ವಾಪಸು ತೆಗೆದುಕೊಂಡು ಹೋಗುತ್ತಾರೆ. ಊರ ನೆಲವೆಲ್ಲ ಉಪ್ಪುಗಲ್ಲು. ಅದರಲ್ಲಿ ಗರಿಕೆಯೂ ಹುಟ್ಟುವುದಿಲ್ಲ. ಆದ್ದರಿಂದ ಪ್ರತಿ ಮನೆಯ ಹಿತ್ತಿಲಲ್ಲಿ ಮೊಣಕಾಲೆತ್ತರಕ್ಕೆ ಹಲಗೆ ಕಟ್ಟಿ, ಹೊಳೆಯಾಚೆಯಿಂದ ಗಾಡಿಗಳಲ್ಲಿ ತಂದ ಮಣ್ಣು ತುಂಬಿದ ಒಂದು ಏರುಮಡಿ ಇರುತ್ತದೆ. ಹತ್ತಡಿ ಉದ್ದ, ನಾಲ್ಕಡಿ ಅಗಲ. ಬಡವನಿಗೂ ಶ್ರೀಮಂತನಿಗೂ ಅಷ್ಟೇ. ಮಣ್ಣು ಊರಿನದು, ಹಲಗೆ ಮನೆಯವರದು, ಬೀಜದ ಜೊತೆ ಆಡುವ ಮಾತು ಬಿತ್ತುವವರದು.

ಬೀಜ ಹಾಕುವಾಗ, ಯಾರಿಗೂ ಹೇಳದ, ಯಾರಿಗೂ ತಿಳಿಯದ ಒಂದು ಮಾತನ್ನು ಬಾಯಿಬಿಟ್ಟು ಮಣ್ಣಿಗೆ ಹೇಳಬೇಕು. ಹೇಳಿದರೆ ಮೊಳೆಯುತ್ತದೆ. ಸುಳ್ಳಾದರೆ ಬೀಜ ಕೊಳೆಯುತ್ತದೆ. ಆ ಮಾತು ಬೇರೊಬ್ಬರಿಗೆ ಮೊದಲೇ ತಿಳಿದಿದ್ದರೆ, ಇಲ್ಲವೆ ಹೇಳುವಾಗ ಅವರ ಕಿವಿಗೆ ಬಿದ್ದರೆ, ಬೀಜ ಮೊಳೆಯುವುದೂ ಇಲ್ಲ, ಕೊಳೆಯುವುದೂ ಇಲ್ಲ. ಹಾಕಿದ ಹಾಗೆಯೇ ಇರುತ್ತದೆ. ಸಣ್ಣ ಮಾತಿಗೆ ಕೊತ್ತಂಬರಿ, ಮೆಂತ್ಯ. ಅದಕ್ಕಿಂತ ಭಾರವಾದದ್ದಕ್ಕೆ ಬೆಂಡೆ, ಬದನೆ. ಎದೆಯ ತಳದಲ್ಲಿ ಇರುವಂಥದ್ದಕ್ಕೆ ಕುಂಬಳ. ದೊಡ್ಡ ಮಾತನ್ನು ಸಣ್ಣ ಬೀಜ ತಾಳುವುದಿಲ್ಲ. ಒಮ್ಮೆ ಹೇಳಿದ್ದು ಮತ್ತೊಮ್ಮೆ ಕೆಲಸಕ್ಕೆ ಬಾರದು.

ಜನ ಇದಕ್ಕೆ ಹೊಂದಿಕೊಂಡು ಬಹಳ ಕಾಲವಾಯಿತು. ಯಾರಾದರೂ ಕೈಗುದ್ದಲಿ ಹಿಡಿದು ಮಡಿಯ ಬಳಿಗೆ ಹೋದರೆ ಅಕ್ಕಪಕ್ಕದವರು ಒಳಗೆ ಸೇರಿ ಪಾತ್ರೆ ಬಡಿಯುತ್ತಾರೆ, ಒರಳು ಕುಟ್ಟುತ್ತಾರೆ, ಅದು ಮರ್ಯಾದೆ. ಹೊಸ ಸೊಸೆಯ ಮೊದಲ ಬಿತ್ತನೆ ಕೊತ್ತಂಬರಿಯಾದರೆ ಮನೆಗೆ ನೆಮ್ಮದಿ. ಬದನೆಯಾದರೆ ಅತ್ತೆಗೆ ನಿದ್ದೆಯಿಲ್ಲ. ಯಾರ ಮಡಿಯಲ್ಲಾದರೂ ಭಾರಿ ಕುಂಬಳ ಬಿಟ್ಟರೆ ಬೀದಿಯವರು ಬಂದು ಕಾಯಿಯನ್ನು ಹೊಗಳುತ್ತಾರೆ, ಮನೆಯವರ ಮುಖ ನೋಡುವುದಿಲ್ಲ.

ನಾನು ಮುದ್ರಣಾಲಯವೊಂದರಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿದವನು. ಊರಿನವರಿಗೆ ಪ್ರೆಸ್ಸಿನ ರಾಯರು. ಅಚ್ಚಾದ ಪುಸ್ತಕಗಳಲ್ಲಿ ನಾನು ಕಾಣದೆ ಬಿಟ್ಟ ತಪ್ಪುಗಳು ಇಪ್ಪತ್ತು ವರ್ಷ ಹರಿವೆ ಸೊಪ್ಪಾಗಿ ಬೆಳೆದವು. ಗೆಳೆಯನೊಬ್ಬನ ಕವನವನ್ನು ಸಭೆಯಲ್ಲಿ ಹೊಗಳಿ ಒಳಗೊಳಗೇ ನಕ್ಕದ್ದು ಎರಡು ಸಾಲು ಬೆಂಡೆಯಾಯಿತು. ಅದೇ ಗೆಳೆಯ ತೀರಿಕೊಂಡ ಮೇಲೆ ಆ ಕವನವನ್ನು ಮತ್ತೆ ಓದಿ, ಅದು ನನ್ನ ಯಾವ ಓದಿಗೂ ಎಟುಕದಷ್ಟು ಒಳ್ಳೆಯದೆಂದು ಅರಿತದ್ದು ಒಂದು ಇಡೀ ಬೇಸಿಗೆಯ ಬದನೆ. ಬಿತ್ತುವುದು ನಾನು, ನೀರು ಹಾಕಿ, ಕಳೆ ಕಿತ್ತು, ಕುಯ್ಯುವುದು ನನ್ನ ಹೆಂಡತಿ ಅಂಬುಜಾಕ್ಷಿ. ನೀನೂ ಒಮ್ಮೆ ಬಿತ್ತು ಎಂದರೆ, “ನನ್ನ ಹತ್ರ ಹೇಳೋ ಅಂಥದ್ದೇನಿದೆ?” ಎನ್ನುತ್ತಿದ್ದಳು. ನಲವತ್ತೆಂಟು ವರ್ಷ ಆ ಮಾತನ್ನು ನಂಬಿದ್ದೆ.

ನಿವೃತ್ತಿಯ ನಂತರ ಮಾತುಗಳು ಬತ್ತತೊಡಗಿದವು. ಮನೆ, ವಾಚನಾಲಯ, ಮನೆ. ಇಷ್ಟರಲ್ಲಿ ಹೊಸದಾಗಿ ಮುಚ್ಚಿಡುವುದಕ್ಕೆ ಏನು ಸಿಕ್ಕೀತು? ಮೊದಲು ಬದನೆ ನಿಂತಿತು, ಆಮೇಲೆ ಬೆಂಡೆ. ಕೊನೆಗೆ ಮೆಂತ್ಯವೂ ನಿಂತಿತು. ಮಡಿ ಒಂದು ಬೆಳೆಯ ಕಾಲ ಬರಿದಾಗಿ ಉಳಿಯಿತು. ಎರಡನೆಯದೂ ಮುಗಿಯುತ್ತಾ ಬಂದಾಗ ಮಣ್ಣು ನೋಡುವ ಹಾಲಪ್ಪ ಕಬ್ಬಿಣದ ಸಲಾಕೆ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತ.

“ಇನ್ನೂ ಹಂಗೇ ಐತಲ್ಲ ರಾಯರೇ,” ಎಂದು ಸಲಾಕೆಯನ್ನು ಮಣ್ಣಿಗೆ ಚುಚ್ಚಿ ಆಳ ನೋಡಿದ. “ನಾನೇನ್ ಮಾಡ್ಲಿ ಸ್ವಾಮಿ? ಮೂರು ಮನೆಯೋರು ಮಣ್ಣಿಗೆ ಕಾಯ್ತಾವ್ರೆ. ಹೊಸ್ದಾಗಿ ಮದ್ವೆ ಆಗಿರೋ ಹುಡುಗ್ರು, ಬಾಯ್ತುಂಬ ಗುಟ್ಟು ಇಟ್ಕಂಡು ಕೂತವ್ರೆ.”

“ಎಷ್ಟು ದಿನ ಕೊಡ್ತೀಯಪ್ಪಾ?”

“ಇಪ್ಪತ್ತೊಂದು ದಿವ್ಸ. ಒಂದು ಮೊಳಕೆ ತೋರ್ಸಿ ಸಾಕು. ಸಾಸ್ವೆ ಆದ್ರೂ ಸರಿ.”

ಅಂಬುಜ ಅಡುಗೆಮನೆಯ ಬಾಗಿಲಿಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದಳು: “ತಗೊಂಡು ಹೋದ ಮೇಲೆ ಆ ಮಣ್ಣನ್ನ ಏನು ಮಾಡ್ತೀರಿ?”

“ಎಲ್ಲಾ ಕಲಸಿ ಮೂರು ಮನೆಗೆ ಹಂಚ್ತೀವಿ ತಾಯಿ.”

“ಕಲಸ್ತೀರಾ,” ಎಂದಳು. ಒಳಗೆ ಹೋಗಿ ಮೊರದಲ್ಲಿದ್ದ ಅಕ್ಕಿಯನ್ನು, ಆಗಲೇ ಆರಿಸಿ ಮುಗಿಸಿದ್ದ ಅಕ್ಕಿಯನ್ನು, ಮೊದಲಿನಿಂದ ಆರಿಸತೊಡಗಿದಳು.

ಅವಳ ಪ್ರಶ್ನೆಯ ಹಿಂದೇನಿತ್ತೆಂದು ನನಗೆ ಗೊತ್ತಿತ್ತು. ನಮಗೆ ಒಬ್ಬಳು ಮಗಳಿದ್ದಳು, ಮಾಲಿನಿ. ಮೂರು ವರ್ಷ ತುಂಬಿ ಎರಡು ತಿಂಗಳಾಗಿದ್ದಾಗ ಜ್ವರದಲ್ಲಿ ಹೋದಳು. ಊರಿನ ನೆಲ ಮಕ್ಕಳನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ ಹೊಳೆಯಾಚೆ ಮಲಗಿಸಿದೆವು. ವರ್ಷ ತುಂಬಿದ ದಿನ ಅಂಬುಜ ಆ ಜಾಗದಿಂದ ಒಂದು ಹಿಡಿ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನಮ್ಮ ಮಡಿಯಲ್ಲಿ ಬೆರೆಸಿದ್ದಳು. ಅಂದಿನಿಂದ ದಿನವೂ ಬೆಳಗ್ಗೆ ಎದ್ದು ಅವಳು ಆ ಹಲಗೆಯ ಅಂಚಿನಲ್ಲಿ ಕೂತು, ಕೈಯನ್ನು ಮಣ್ಣಿನಲ್ಲಿ ಒಂದಿಷ್ಟು ಹೊತ್ತು ಇಟ್ಟುಕೊಂಡು, ಆಮೇಲೆ ಒಲೆ ಹಚ್ಚುತ್ತಿದ್ದಳು. ಹಾಲಪ್ಪನ ಸಲಾಕೆ ಚುಚ್ಚಿದ್ದು ಅಲ್ಲಿಗೆ.

ಪಕ್ಕದ ಮನೆಯ ಪುಟ್ಟತಾಯಮ್ಮನಿಗೆ ವಿಷಯ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಂಡ ಹೋಗಿ ಹತ್ತು ವರ್ಷವಾದರೂ ಆಕೆಯ ಮಡಿ ವರ್ಷವಿಡೀ ಹಸಿರಾಗಿರುತ್ತಿತ್ತು. ಗೋಡೆಯ ಮೇಲೆ ಮೊಣಕೈ ಊರಿ ಬುದ್ಧಿ ಹೇಳಿದಳು: “ಹೊಸ ತಪ್ಪು ಮಾಡದೆ ಹೊಸ ಬೆಂಡೆ ಎಲ್ಲಿಂದ ಬರ್ಬೇಕು ರಾಯರೇ? ನೀವೋ ಪುಸ್ತಕ ಮುಂದಿಟ್ಕೊಂಡು ದೇವರ ಥರ ಕೂತಿರ್ತೀರಿ. ನನ್ನ ನೋಡಿ. ಮೊನ್ನೆ ನನ್ನ ನಾದಿನಿ ಬಂದಿದ್ಲಲ್ಲ…” ಎಂದವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ಅಯ್ಯೋ, ಹೇಳೋ ಹಾಗಿಲ್ಲ. ಮುಂದಿನ ಸಾಲು ಬದನೆಗೆ ಇಟ್ಕೊಂಡಿದೀನಿ.”

ನಗು ಬಂತು, ಆದರೂ ಹೊಸ ತಪ್ಪೊಂದನ್ನು ಮಾಡಲು ಹೊರಟೇಬಿಟ್ಟೆ. ವಾಚನಾಲಯದಿಂದ ಒಂದು ಪತ್ರಿಕೆಯನ್ನು ಕೊಡೆಯ ಮಡಿಕೆಯಲ್ಲಿ ಅಡಗಿಸಿಕೊಂಡು ಹೊರಟೆ. ಬಾಗಿಲಲ್ಲಿ ಕೂತಿದ್ದ ಗುಮಾಸ್ತ, “ಕೈಯಲ್ಲೇ ಹಿಡ್ಕೊಂಡ್ ಹೋಗಿ ರಾಯರೇ, ನಿಮಗೆ ಇಲ್ಲ ಅಂತೀನಾ?” ಎಂದ. ಎಪ್ಪತ್ತಾರನೆಯ ವಯಸ್ಸಿನಲ್ಲಿ ಮನುಷ್ಯನಿಗೆ ಸಣ್ಣದೊಂದು ಕಳ್ಳತನವೂ ದಕ್ಕುವುದಿಲ್ಲ. ಸಣ್ಣ ಮಾತುಗಳೆಲ್ಲ ಮುಗಿದಿದ್ದವು. ಉಳಿದದ್ದು ಒಂದೇ. ಅದನ್ನು ಹೇಳುವುದಾದರೆ ಕುಂಬಳದ ಬೀಜವೇ ಬೇಕು.

ಅಂಬುಜ ಪುಟ್ಟತಾಯಮ್ಮನ ಮನೆಯ ಕುಂಬಳದಿಂದ ಬೀಜ ಆರಿಸಿ, ಬೂದಿಯಲ್ಲಿ ಹೊರಳಿಸಿ, ಡಬ್ಬಿಯಲ್ಲಿ ಇಟ್ಟಿದ್ದಳು. ನಾನು ಕೇಳಿದಾಗ ಡಬ್ಬಿ ತಂದುಕೊಟ್ಟು ಒಂದು ಗಳಿಗೆ ಅಲ್ಲೇ ನಿಂತಳು. “ಕುಂಬಳಾನಾ?” ಎಂದಳು. ಹೌದೆಂದೆ. “ಹಾಕಿ,” ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕೊಳದಪ್ಪಲೆ ತಟ್ಟುವ ಸದ್ದು ಕೇಳಿತು. ಪಕ್ಕದಲ್ಲಿ ಪುಟ್ಟತಾಯಮ್ಮನ ಒರಳೂ ದನಿಗೂಡಿಸಿತು.

ಅಂದು ಹೇಳಿದ್ದನ್ನು ಈಗ ಕಾಗದದ ಮೇಲೆ ಇಡಬಹುದು. ಮಣ್ಣಿಗೆ ಇದರಿಂದ ಇನ್ನು ಪ್ರಯೋಜನವಿಲ್ಲ. ಮಾಲಿನಿಗೆ ಜ್ವರ ಬಂದು ನಾಲ್ಕನೆಯ ದಿನ. ಆಸ್ಪತ್ರೆಯಿಂದ ತಂದ ಔಷಧದ ಸೀಸೆಗೆ ಉದ್ದಕ್ಕೂ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ್ದರು; ಮೂರು ಗಂಟೆಗೊಮ್ಮೆ ಒಂದು ಹಲ್ಲಿನಷ್ಟು, ಅಂದರೆ ಒಂದು ಗೆರೆ ಔಷಧ, ಕೊಡಬೇಕು. ಎರಡು ರಾತ್ರಿ ಕಣ್ಣು ಮುಚ್ಚದ ಅಂಬುಜಳನ್ನು ಮಧ್ಯಾಹ್ನ ಊಟವಾದ ಮೇಲೆ ನಾನೇ ಗದರಿ ಮಲಗಿಸಿದೆ. ಎರಡು ಗಂಟೆಯ ಅಂಚೆಗೆ ನಾನು ತಿಂಗಳಿಂದ ಕಾಯುತ್ತಿದ್ದ ಪತ್ರಿಕೆ ಬಂತು. ಅದರಲ್ಲಿ ಹೊಸಬನೊಬ್ಬನ ಐದು ಕವನಗಳಿದ್ದವು. ನಮ್ಮ ಭಾಷೆ ಹಾಗೆಯೂ ಮಾತಾಡಬಲ್ಲದೆಂದು ನಾನು ಎಣಿಸಿರಲಿಲ್ಲ. ಓದಿದೆ, ಮತ್ತೆ ಓದಿದೆ, ಮೊದಲನೆಯದನ್ನು ಬರೆದುಕೊಳ್ಳಲು ಕೂತೆ. ತಲೆಯೆತ್ತಿದಾಗ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಗಡಿಯಾರದಲ್ಲಿ ಐದು ದಾಟಿತ್ತು. ಮೂರು ಗಂಟೆಯ ಗೆರೆ ಸೀಸೆಯಲ್ಲೇ ಇತ್ತು. ಎದ್ದು ಬಂದ ಅಂಬುಜ ಕೇಳಿದಳು, ಮೂರು ಗಂಟೆಯದು ಕೊಟ್ರಾ ಅಂತ. ಕೊಟ್ಟೆ ಎಂದೆ. ಆರು ಗಂಟೆಯದನ್ನು ಇಬ್ಬರೂ ಸೇರಿ ಕೊಟ್ಟೆವು. ಮರುದಿನ ಬೆಳಗ್ಗೆ ಮಗು ಹೋಯಿತು. ಜ್ವರ ತಲೆಗೇರಿತ್ತು, ಯಾರ ಕೈಯಲ್ಲೂ ಏನೂ ಇರಲಿಲ್ಲ ಎಂದರು ಡಾಕ್ಟರು. ಆ ಒಂದು ಗೆರೆ ಅವಳನ್ನು ಉಳಿಸುತ್ತಿತ್ತೋ ಇಲ್ಲವೋ ಹೇಳಬಲ್ಲವರು ಯಾರೂ ಇಲ್ಲ. ಆ ಐದು ಕವನಗಳು ನನಗೆ ಇವತ್ತಿಗೂ ಬಾಯಿಪಾಠ ಬರುತ್ತವೆ.

ಇಷ್ಟನ್ನು ಮಂಡಿಯೂರಿ, ಹಲಗೆಯ ಮೇಲೆ ಹಣೆಯಿಟ್ಟು ಹೇಳಿದೆ. ಐದು ಗುಣಿ ಮಾಡಿ ಐದು ಬೀಜ ಊರಿದೆ. ಒಳಗೆ ಬಂದಾಗ ಅಂಬುಜ ತಟ್ಟುವುದನ್ನು ನಿಲ್ಲಿಸಿ, ಕುಡಿಯಲು ನೀರು ಕೊಟ್ಟಳು.

ಕುಂಬಳಕ್ಕೆ ಏಳು ದಿನ ಸಾಕು. ಎಂಟಾಯಿತು, ಒಂಬತ್ತಾಯಿತು. ಬೆಳಗೂ ಬೈಗೂ ಮಡಿಯ ಬಳಿ ಹೋಗಿ ಬಗ್ಗಿ ನೋಡುತ್ತಿದ್ದೆ. ಕೆಮ್ಮಣ್ಣು ನಯವಾಗಿ, ಒಂದು ಬಿರುಕೂ ಇಲ್ಲದೆ, ಅಕ್ಷರವೇ ಬೀಳದ ಹಾಳೆಯ ಹಾಗೆ ಹರಡಿಕೊಂಡಿತ್ತು. ಹನ್ನೊಂದನೆಯ ದಿನ ಬೆರಳಿನಿಂದ ಕೆದಕಿದೆ. ಐದು ಬೀಜಗಳೂ ಬೆಳ್ಳಗೆ, ಮೈಗೆ ಹತ್ತಿದ ಬೂದಿಯೂ ಮಾಸದಂತೆ, ಹಾಕಿದ ಹಾಗೆಯೇ ಇದ್ದವು.

ಸುಳ್ಳಾಗಿದ್ದರೆ ಕೊಳೆಯುತ್ತಿದ್ದವು. ಕೊಳೆತಿರಲಿಲ್ಲ. ಅಂದರೆ ಯಾರಿಗೋ ಗೊತ್ತಿದೆ. ನನ್ನ ಮೊದಲ ಯೋಚನೆ ಗೋಡೆಯಾಚೆಗೆ ಹರಿಯಿತು. ಪುಟ್ಟತಾಯಮ್ಮ ಅಂದು ಒರಳು ಕುಟ್ಟುತ್ತಿದ್ದವಳು ನಡುವೆ ನಿಲ್ಲಿಸಿದ್ದಳಲ್ಲವೆ? ಕುಟ್ಟುವುದನ್ನು ಬಿಟ್ಟು ಕಿವಿಗೊಟ್ಟಿದ್ದಳಲ್ಲವೆ? ಕೈಯಲ್ಲಿ ಬೀಜ ಹಿಡಿದುಕೊಂಡೇ ಅವಳ ಬಾಗಿಲು ತಟ್ಟಿದೆ. ನಮ್ಮೂರಿನಲ್ಲಿ ಒಬ್ಬರ ಮೇಲೆ ಹೊರಿಸಬಹುದಾದ ಅತಿ ಕೆಟ್ಟ ಮಾತನ್ನು ಅವಳ ಮೇಲೆ ಹೊರಿಸಿದೆ.

ಪುಟ್ಟತಾಯಮ್ಮ ಕೂಗಾಡಲಿಲ್ಲ. ಆಕೆಯ ಕಣ್ಣಲ್ಲಿ ನೀರು ನಿಂತಿತು. “ರಾಯರೇ, ಅವತ್ತು ನನ್ನ ಒರಳಲ್ಲಿ ಏನಿತ್ತು ಗೊತ್ತಾ? ಏನೂ ಇರ್ಲಿಲ್ಲ. ಬರೀ ಒರಳು ಕುಟ್ಟಿದೀನಿ, ನಿಮ್ಮ ಮಾತು ಕಿವಿಗೆ ಬೀಳ್ಬಾರ್ದು ಅಂತ. ತೋಳು ಸೋತಾಗ ಕೈ ಬದಲಾಯಿಸಿದೆ, ಅಷ್ಟೇ.” ಅಂಗೈ ಚಾಚಿ ತೋರಿಸಿದಳು, ಬೊಬ್ಬೆಯೆದ್ದು ಒಣಗಿದ ಗುರುತಿತ್ತು. ನಾನು ತಲೆ ತಗ್ಗಿಸಿದೆ. ಬಾಗಿಲು ಮುಚ್ಚುವ ಮೊದಲು ಮೆತ್ತಗೆ ಹೇಳಿದಳು: “ಗಂಡಸರ ಗುಟ್ಟು ಬೀದಿಗೆ ಬರಲ್ಲ ಸ್ವಾಮಿ. ಅಲ್ಲೇ ಮನೇಲೇ ಯಾರ ಹತ್ರನೋ ಇರತ್ತೆ. ಹೋಗಿ ಅಲ್ಲಿ ಕೇಳಿ.”

ನಾನು ಕೇಳಬೇಕಾಗಿ ಬರಲಿಲ್ಲ. ಹಿತ್ತಿಲಿಗೆ ಬಂದಾಗ ಅಂಬುಜ ಹಲಗೆಯ ಮೇಲೆ ಕೂತಿದ್ದಳು. ನಾನು ಕೆದಕಿದ ಗುಣಿಗಳನ್ನು ಅಂಗೈಯಿಂದ ಸಮ ಮಾಡುತ್ತಿದ್ದಳು.

“ಸೀಸೆ ತೊಳೆದೋಳು ನಾನಲ್ವಾ?” ಎಂದಳು, ತಲೆಯೆತ್ತದೆ. “ಒಂದು ಗೆರೆ ಹೆಚ್ಚು ಇತ್ತು.”

ಅವಳ ಎದುರಿಗೆ ಉಪ್ಪುಗಲ್ಲಿನ ಮೇಲೆ ಕೂತೆ. ನಲವತ್ತೆರಡು ವರ್ಷ ನಾನು ಹೊತ್ತಿದ್ದೇನೆಂದು ಎಣಿಸಿದ್ದನ್ನು ಅವಳೂ ಹೊತ್ತು, ಅದರ ಮೇಲೆ ಬುತ್ತಿ ಕಟ್ಟಿ, ಹಬ್ಬಕ್ಕೆ ಬಟ್ಟೆ ತೆಗೆಸಿ, ನನ್ನ ಪುಸ್ತಕಗಳ ಧೂಳು ಕೊಡವಿದ್ದಳು. ಆ ಪತ್ರಿಕೆಯ ಧೂಳನ್ನೂ.

“ಒಂದು ಸಲಾನೂ ಹೇಳಲಿಲ್ಲವಲ್ಲ ನೀನು.”

“ಹೇಳಿದ್ರೆ ಅವಳು ಬರ್ತಿದ್ಲಾ?”

“ನಾನು ಕುಂಬಳ ಹಾಕೋಕೆ ಹೊರಟಾಗಲಾದರೂ ತಡೀಬಹುದಿತ್ತು.”

“ಮೊಳಕೆ ಬರಲ್ಲ ಅಂತ ಗೊತ್ತಿತ್ತು. ಆದ್ರೂ ಒಂದು ಸಲ ಹೇಳ್ಬಿಡ್ಲಿ ಅನ್ನಿಸ್ತು. ನಂಗಲ್ಲ. ಅವಳಿಗೆ.” ಅಂಗೈಯನ್ನು ಮಣ್ಣಿನ ಮೇಲೆ ಹಾಗೇ ಇಟ್ಟಿದ್ದಳು.

ಆಗ ನನ್ನ ಬಾಯಿಂದ ಒಂದು ಪ್ರಶ್ನೆ ಬಂತು. ತಿದ್ದುವವನ ಬುದ್ಧಿ, ಎಲ್ಲಿ ಯಾವ ಅಕ್ಷರ ಬಿಟ್ಟಿದೆಯೆಂದು ಹುಡುಕುವುದು ಅದಕ್ಕೆ ರೂಢಿ. “ಸೀಸೆಯನ್ನ ಯಾವಾಗ ನೋಡಿದೆ ಅಂಬುಜಾ? ಎಲ್ಲಾ ಮುಗಿದ ಮೇಲಾ, ಅದೇ ಸಂಜೆನಾ?”

ಅವಳು ಕೈಯ ಮಣ್ಣು ಕೊಡವಿಕೊಂಡಳು. ನನ್ನ ಮುಷ್ಟಿ ಬಿಡಿಸಿ, ಐದು ಬೀಜಗಳಲ್ಲಿ ಒಂದನ್ನು ತೆಗೆದುಕೊಂಡಳು. “ನೀವು ಒಳಗೆ ಹೋಗಿ,” ಎಂದಳು.

ಒಳಗೆ ಹೋದೆ. ನನ್ನ ಮನೆಯಲ್ಲಿ ನಾನು ಮೊದಲ ಬಾರಿಗೆ ಪಾತ್ರೆ ಬಡಿದೆ. ಮೊದಲು ತಟ್ಟೆ, ಆಮೇಲೆ ಕೊಳದಪ್ಪಲೆ, ಆಮೇಲೆ ಇಕ್ಕಳದಿಂದ ಕಬ್ಬಿಣದ ಬಾಣಲೆ. ಗೋಡೆಯಾಚೆ, ನಾನು ಅವಮಾನಿಸಿ ಇನ್ನೂ ಗಳಿಗೆಯಾಗದ ಹೆಂಗಸು, ಕೇಳದೆಯೇ ಒರಳು ಹಿಡಿದಳು. ಒಂದು ಮಾತು ಮಣ್ಣಿಗೆ ಹೇಳಲು ಎಷ್ಟು ಹೊತ್ತು ಬೇಕು? ನನಗೆ ಬೇಕಾದದ್ದು ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ಅವಳು ಬರುವಷ್ಟರಲ್ಲಿ ಒಲೆಯ ಕೆಂಡ ಬೂದಿಯಾಗಿತ್ತು. ನನ್ನ ಎರಡೂ ತೋಳುಗಳು ಮರಗಟ್ಟಿದ್ದವು. ಬಂದವಳು ಮುಖ ತೊಳೆದುಕೊಂಡು, “ಸಾಕು ನಿಲ್ಸಿ, ಬಾಣಲೆ ಸೊಟ್ಟ ಮಾಡಿದೀರಿ,” ಎಂದಳು.

ನಾಲ್ಕನೆಯ ಬೆಳಗ್ಗೆ ಮೊಳಕೆ ಬಂತು. ಬಾಗಿದ ಕತ್ತು, ತಲೆಯ ಮೇಲೆ ಬೀಜದ ಸಿಪ್ಪೆ. ಇಪ್ಪತ್ತೊಂದನೆಯ ದಿನ ಹಾಲಪ್ಪ ಬರುವಷ್ಟರಲ್ಲಿ ಬಳ್ಳಿ ಹಲಗೆ ದಾಟಿ ಉಪ್ಪುಗಲ್ಲಿನ ಮೇಲೆ ಮುಂಗೈ ಚಾಚಿತ್ತು. ಅವನು ಸಲಾಕೆಯನ್ನು ಹಿತ್ತಿಲ ಬಾಗಿಲಿಗೇ ಒರಗಿಸಿ ಒಳಗೆ ಬಂದ. “ಬಾಳ ಜೋರಾಗೈತೆ ತಾಯಿ,” ಎಂದು ಬಳ್ಳಿಗಷ್ಟೇ ಹೇಳುವವನ ಹಾಗೆ ಹೇಳಿ, ಯಾರ ಮುಖವನ್ನೂ ನೋಡದೆ ಹೋದ. ಮಣ್ಣು ಉಳಿಯಿತು.

ಹೂ ಬಿಟ್ಟ ಮೇಲೆ ಅಂಬುಜ ಬಿಸಿಲೇರುವ ಮೊದಲೇ ಎದ್ದು, ಗಂಡುಹೂವನ್ನು ಕಿತ್ತು, ಅದರ ಎಸಳು ಬಿಡಿಸಿ, ಹೆಣ್ಣುಹೂವಿನ ಒಳಗೆ ಸವರುತ್ತಿದ್ದಳು. ಕಾಯಿ ನಿಂತದ್ದು ಒಂದೇ. ನಿಂಬೆಯಷ್ಟಿದ್ದದ್ದು ವಾರದಲ್ಲಿ ತೆಂಗಿನಕಾಯಿಯಷ್ಟಾಯಿತು, ತಿಂಗಳಲ್ಲಿ ಹಂಡೆಯಷ್ಟಾಯಿತು. ತಳ ಕೊಳೆಯದಂತೆ ಹುಲ್ಲಿನ ಸಿಂಬಿ ಕಟ್ಟಿದೆವು. ಭಾರಕ್ಕೆ ಹಲಗೆಯ ಒಂದು ಮೂಲೆ ಬಾಗಿತು. ನಾನು ಕಲ್ಲು ಆನಿಸಿದೆ. ನಮ್ಮೂರಿನಲ್ಲಿ ಅಂಥ ಕಾಯಿಯನ್ನು ಯಾರೂ ಕಂಡಿರಲಿಲ್ಲ. ಬೀದಿಯ ಜನ ಬಂದು ನೋಡಿ, ಕಾಯಿಯ ಬಣ್ಣವನ್ನು ಹೊಗಳಿ ಹೋದರು. ಪುಟ್ಟತಾಯಮ್ಮ ಮಾತ್ರ ಗೋಡೆಯ ಮೇಲಿಂದ ಬಗ್ಗಿದವಳು ಮರ್ಯಾದೆ ಮರೆತು ಅಂಬುಜಳ ಮುಖವನ್ನೇ ನೋಡಿಬಿಟ್ಟಳು. “ಅಯ್ಯೋ ನಮ್ಮವ್ವಾ! ಏನು ಹೇಳ್ದೆ ಅಂಬುಜಕ್ಕಾ…”

“ಕಾಯಿ ಚೆನ್ನಾಗಿದೆ ಅಂತ ಹೇಳಿ ಹೋಗೇ,” ಎಂದಳು ಅಂಬುಜ.

“ಕಾಯಿ ಚೆನ್ನಾಗಿದೆ ಕಣಕ್ಕ,” ಎಂದು ಪುಟ್ಟತಾಯಮ್ಮ ನಾಲಿಗೆ ಕಚ್ಚಿಕೊಂಡಳು.

ನೂರು ದಿನ ನಾನು ಆ ಕಾಯಿಯ ಪಕ್ಕದಲ್ಲಿ ಓಡಾಡಿದೆ. ಅದೇ ಸಂಜೆ ನೋಡಿದ್ದಳೆ? ನೋಡಿ, ನಾನು ಕೊಟ್ಟೆನೆಂದದ್ದು ಸುಳ್ಳೆಂದು ತಿಳಿದು, ಸುಮ್ಮನಿದ್ದಳೆ? ಗಂಡನ ಮಾನ ಉಳಿಸಲೆಂದು ಸುಮ್ಮನಿದ್ದಳೆ, ಅಥವಾ ದಣಿದ ಕಣ್ಣನ್ನು ತಾನೇ ನಂಬದೆ? ಅಥವಾ ಇದಾವುದೂ ಅಲ್ಲದ, ನನಗೆ ಹೆಸರಿಡಲೂ ಬಾರದ ಬೇರೆಯೇ ಮಾತೆ? ಓದಿನ ಬಲದಿಂದ ಇನ್ನೊಬ್ಬರ ಒಳಗನ್ನು ಬಲ್ಲೆನೆಂಬ ಜಂಬ ನನಗೆ ಬಹುಕಾಲ ಇತ್ತು. ಒಂದೇ ಮನೆಯಲ್ಲಿ, ಒಂದೇ ಚಾಪೆಯಲ್ಲಿ, ಒಂದು ಗೇಣು ದೂರದಲ್ಲಿ ಇಷ್ಟು ದೊಡ್ಡದೊಂದು ಮಾತು ಬೆಳೆಯದೆ ಮಲಗಿತ್ತೆಂಬುದನ್ನು ನಾನು ಯಾವ ಸಾಲಿನಲ್ಲೂ ಓದಲಿಲ್ಲ. ಮತ್ತೆ ಕೇಳಬಹುದಿತ್ತು. ಮಣ್ಣಿಗೆ ಹೇಳಿ ಮುಗಿದ ಮಾತು ಅದು. ಕೇಳಿದ್ದರೆ ಬೆಳೆಗೆ ನಷ್ಟವೇನೂ ಇರಲಿಲ್ಲ. ಎರಡು ಮೂರು ಸಲ ಬಾಯಿ ತೆರೆದೆ. ಪ್ರತಿ ಸಲವೂ, ನನ್ನ ಸುಳ್ಳಿನ ಬಗ್ಗೆ ಅವಳು ನಲವತ್ತೆರಡು ವರ್ಷ ಕೇಳದೆ ಬಿಟ್ಟದ್ದು ನೆನಪಾಗಿ, ಬೇರೇನೋ ಕೇಳಿದೆ.

ತೊಟ್ಟು ಒಣಗಿ ಬೆಂಡಿನಂತಾದ ದಿನ ಅಂಬುಜ ಕತ್ತಿ ತಂದಳು. ತೊಟ್ಟನ್ನು ನಾಲ್ಕು ಬೆರಳು ಉಳಿಸಿ ಕುಯ್ದಳು. ಹಾಲಪ್ಪನನ್ನೋ ಬೀದಿಯ ಹುಡುಗರನ್ನೋ ಕರೆಯೋಣವೆಂದೆ.

“ಬೇಡ. ಆ ಕಡೆ ಹಿಡ್ಕೊಳ್ಳಿ,” ಎಂದಳು.

ಹಿಡಿದೆ. ಅವಳು ಈ ಕಡೆ ಹಿಡಿದಳು. ಮೊದಲ ಸಲ ಅದು ಅಲುಗಲಿಲ್ಲ. ಎರಡನೆಯ ಸಲ ಹುಲ್ಲಿನಿಂದ ಮೇಲೆದ್ದಿತು. ನನ್ನ ಬೆನ್ನಿನಲ್ಲಿ ಏನೋ ಚಳಕ್ಕೆಂದಿತು; ಅವಳ ಕೈಬಳೆ ಕಾಯಿಗೆ ಒತ್ತಿ ಮಣಿಕಟ್ಟಿನ ಮೇಲೆ ಕೆಂಪಗೆ ಬರೆ ಎದ್ದಿತು. ಹಿತ್ತಿಲಿನ ಅರ್ಧಕ್ಕೆ ಬಂದಾಗ ನನ್ನ ಉಸಿರು ಕಟ್ಟಿತು.

“ಸ್ವಲ್ಪ ಇಳಿಸೋಣವಾ?” ಎಂದೆ.

“ಬೇಡ,” ಎಂದಳು. “ಇಳಿಸಿದ್ರೆ ಮತ್ತೆ ಎತ್ತೋಕಾಗಲ್ಲ. ನಡೀರಿ.”

ಎದುರುಬದುರಾಗಿ, ನಾನು ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತಾ, ಅವಳು ನನ್ನ ಹೆಗಲಾಚೆಗೆ ದಾರಿ ನೋಡುತ್ತಾ, ಅಡುಗೆಮನೆಯ ಕಡೆಗೆ ನಡೆದೆವು. “ಹೊಸ್ತಿಲು,” ಎಂದಳು ಅಂಬುಜ, “ಕಾಲು ನೋಡಿ ಇಡಿ.” ನನಗೆ ಏನೂ ಕಾಣುತ್ತಿರಲಿಲ್ಲ. ಅವಳು ಹೇಳಿದ ಕಡೆ ಕಾಲಿಟ್ಟೆ.